ಕಿಟಕಿ ಕಡೆಯ ಕುರ್ಚಿ

"ಅಪ್ಪಾ, ಎದ್ದು ನನ್ನ ಕುರ್ಚಿಗೆ ಬಾ. ಕಿಟಕಿ ಬೆಳಕಲ್ಲಿ ಫೋಟೋ ಚೆನ್ನಾಗಿ ಬರುತ್ತೆ."

"ಈಗ ತಾನೇ ಕೂತಿದ್ದೀನಲ್ಲೇ ಪುಟ್ಟಿ. ಕುರ್ಚಿ ಇನ್ನೂ ಬಿಸಿ ಆಗಿಲ್ಲ."

"ಬಾ ಅಂದ್ರೆ ಬಾ."

ಅಪ್ಪ ಎದ್ದ. ಹೊಸ ಬೂಟು ಕಿರ್ರೆಂದಿತು. ಪಕ್ಕದ ಮೇಜಿನ ಹೆಂಗಸೊಬ್ಬಳು ತಿರುಗಿ ನೋಡಿದ್ದಕ್ಕೆ ತಪ್ಪು ಮಾಡಿದವನ ಹಾಗೆ ನಕ್ಕು, ತುದಿಗಾಲಲ್ಲಿ ಮೇಜು ಸುತ್ತಿ ಬಂದು ಕಿಟಕಿ ಕಡೆಯ ಕುರ್ಚಿಯಲ್ಲಿ ಕುಳಿತ. ಅವನು ಬಿಟ್ಟ ಗೋಡೆ ಕಡೆಯ ಕುರ್ಚಿಗೆ ಪುಟ್ಟಿ ಹೋದಳು. ಮೂರನೆಯದು ಖಾಲಿಯಿತ್ತು.

ಊರಿಗೆಲ್ಲ ಅವಳು ಪತ್ತೇದಾರಿ. ಅವಳ ಹೆಸರು ಕೇಳಿದರೆ ಕಳ್ಳರಿರಲಿ, ಪೊಲೀಸರೂ ಒಂದು ಸಲ ಅಂಗಿ ಸರಿಮಾಡಿಕೊಳ್ಳುತ್ತಿದ್ದರು. ಅಪ್ಪನಿಗೆ ಮಾತ್ರ ಅವಳು ತಲೆಯಲ್ಲಿ ಬಿಳಿಕೂದಲು ಇಣುಕಿದ ಮೇಲೂ ಪುಟ್ಟಿಯೇ.

ಅವಳು ಫೋನು ಎತ್ತಿ ಹಿಡಿದಳು. ಅಪ್ಪ ಬೆನ್ನು ನೆಟ್ಟಗೆ ಮಾಡಿ, ಕಾಲರು ಎಳೆದುಕೊಂಡು, ಉಸಿರು ಬಿಗಿಹಿಡಿದು ಕುಳಿತ. ಆಯುಷ್ಯವೆಲ್ಲ ಬಸ್ಸು ಓಡಿಸಿದ ಮನುಷ್ಯ. ಕ್ಯಾಮೆರಾ ಕಂಡರೆ ಇವತ್ತಿಗೂ ಲೈಸೆನ್ಸಿಗೆ ಫೋಟೋ ಕೊಡುವವನ ಮುಖ ಮಾಡುತ್ತಿದ್ದ.

"ನಗಪ್ಪಾ."

"ನಗ್ತಾ ಇದ್ದೀನಿ. ಇದೇ ನಗು."

ಪುಟ್ಟಿ ಗುಂಡಿ ಒತ್ತಿದಳು. ಅವಳ ಕಣ್ಣು ಮಾತ್ರ ಫೋನಿನ ಮೇಲಿರಲಿಲ್ಲ. ಅಪ್ಪನ ಹೆಗಲಿನಾಚೆ, ಅಡುಗೆಮನೆಯ ಬಾಗಿಲ ಬಳಿ ನಿಂತಿದ್ದ ಕಪ್ಪು ಕೋಟಿನ ಮನುಷ್ಯನ ಮೇಲಿತ್ತು. ಬಡಿಸುವವರಿಗೆಲ್ಲ ಮೇಲಿನವನು ಅವನು, ಅಲ್ಲಿಯವರ ಬಾಯಲ್ಲಿ ಕ್ಯಾಪ್ಟನ್. ಇವರ ಊಟ ಬರೆದುಕೊಂಡು ಹೋದವನು ಆಗ ಬೇರೆ ಮೇಜಿನವರಿಗೆ ಏನನ್ನೋ ವಿವರಿಸುತ್ತಿದ್ದ. ಈ ಕಡೆ ನೋಡಿರಲಿಲ್ಲ.

ಕಳೆದ ತಿಂಗಳು ಇದೇ ಮೇಜಿನಲ್ಲಿ, ಇಂಥದೇ ಹುಟ್ಟುಹಬ್ಬದ ಊಟದ ನಡುವೆ, ಬಾದಾಮಿ ಮೈಗಾಗದ ಪಿಯಾನೋ ಮೇಷ್ಟ್ರು ಕತ್ತು ಹಿಡಿದುಕೊಂಡು ಕುಸಿದು ಪ್ರಾಣ ಬಿಟ್ಟಿದ್ದರು. ಅವರ ತಟ್ಟೆಗೆ ಬಾದಾಮಿ ಹಾಕಿದನೆಂದು ಇಲ್ಲಿಯ ಅಡುಗೆಯವನನ್ನು ಪೊಲೀಸರು ಒಳಗೆ ಹಾಕಿದ್ದರು. ನಾಳೆ ಬೆಳಿಗ್ಗೆ ಅವನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸುವುದಿತ್ತು.

ಅಡುಗೆಯವನು ಕಂಬಿಯ ಹಿಂದೆ ಕೂತು ಒಂದೇ ಮಾತು ಹೇಳುತ್ತಿದ್ದ. "ಗೋಡೆ ಕಡೆ ಕುರ್ಚಿಗೆ ಬಾದಾಮಿ ಇಲ್ಲದ್ದು ಅಂತ ಬರೆದಿತ್ತು ಮೇಡಂ. ಹಾಗೇ ಕಳಿಸಿದೆ. ಆಮೇಲೆ ಆಚೆ ಏನಾಯ್ತೋ ನಂಗೊತ್ತಿಲ್ಲ."

ಆದರೆ ಮೇಷ್ಟ್ರು ಕುಸಿದದ್ದು ಕಿಟಕಿ ಕಡೆಯ ಕುರ್ಚಿಯಿಂದ. ಮೊದಲಿನಿಂದಲೂ ಅವರು ಅಲ್ಲೇ ಇದ್ದರು, ಯಾರೂ ಜಾಗ ಬಿಟ್ಟು ಕದಲಲಿಲ್ಲ ಎಂದು ಕ್ಯಾಪ್ಟನ್ ಪೊಲೀಸರ ಮುಂದೆ ಹೇಳಿಕೆ ಕೊಟ್ಟಿದ್ದ. ಮೇಜಿನಲ್ಲಿ ಇದ್ದವರು ಮೇಷ್ಟ್ರು, ಮಗಳು, ಅಳಿಯ. ಅಳಿಯನೂ ಅದನ್ನೇ ಹೇಳಿದ್ದ. ಮಗಳು ಕೇಕ್ ತರಲು ಕಾರಿನ ಹತ್ತಿರ ಹೋಗಿದ್ದವಳು, ಮರಳಿ ಬರುವಷ್ಟರಲ್ಲಿ ಊಟ ಬಂದಿತ್ತು. ತನ್ನಪ್ಪ ಮೊದಲು ಎಲ್ಲಿ ಕೂತಿದ್ದರೆಂದು ಆಕೆಗೆ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿರಲಿಲ್ಲ.

"ನಾನೇ ಇಲ್ಲಿಗೆ ಕರ್ಕೊಂಡು ಬಂದೆ. ಅಪ್ಪ ಮನೇಲೇ ಉಣ್ಣೋಣ ಅಂದ್ರು. ನಾನೇ ಹಟ ಮಾಡಿದೆ," ಎಂದು ಆಕೆ ಪುಟ್ಟಿಯ ಆಫೀಸಿನಲ್ಲಿ ಕೂತು ಅತ್ತಿದ್ದಳು. ಈ ಕೇಸನ್ನು ಪುಟ್ಟಿಯ ಕೈಗೆ ಕೊಟ್ಟವಳೂ ಆಕೆಯೇ.

ಆ ಅಳುವನ್ನು ಕೇಳಿಯೂ ಪುಟ್ಟಿ ತನ್ನ ಅಪ್ಪನನ್ನು ಅದೇ ಮೇಜಿಗೆ ಕರೆತಂದಿದ್ದಳು.

ಹುಟ್ಟುಹಬ್ಬ, ಮದುವೆಯ ದಿನ ಅಂತ ಬರುವವರಿಗೆ ಮಾತ್ರ ಆ ಕಿಟಕಿ ಮೇಜು ಕೊಡುತ್ತಿದ್ದರು. ಪುಟ್ಟಿಗೆ ಒಂದು ಹುಟ್ಟುಹಬ್ಬ ಬೇಕಾಗಿತ್ತು. ಅಪ್ಪನದು ಇದ್ದದ್ದು ಮುಂದಿನ ವಾರ. "ಆವತ್ತು ಜಾಗ ಸಿಗಲ್ಲವಂತೆ, ಇವತ್ತೇ ಹೋಗೋಣ" ಎಂದು ಕಾಗೆ ಹಾರಿಸಿದ್ದಳು. ಮೇಜು ಕಾದಿರಿಸುವಾಗ ಹೋಟೆಲಿನವರಿಗೂ ಒಂದು ಕಾಗೆ: "ನಮ್ಮ ತಂದೆಗೆ ಬಾದಾಮಿ ಆಗಲ್ಲ."

ಅಪ್ಪನಿಗೆ ಬಾದಾಮಿ ಆಗುತ್ತಿತ್ತು. ಚೆನ್ನಾಗಿಯೇ ಆಗುತ್ತಿತ್ತು.

"ಪುಟ್ಟಿ, ಈ ಚಮಚ ಯಾತಕ್ಕೆ? ನಾಲ್ಕು ಥರ ಇಟ್ಟಿದ್ದಾರೆ."

"ಹೊರಗಿಂದ ಒಂದೊಂದೇ ತಗೋತಾ ಬಂದ್ರೆ ಸರಿಹೋಗುತ್ತೆ."

"ಗೇರು ಹಾಕಿದ ಹಾಗೆ. ಸರಿ." ಅಪ್ಪ ಖುಷಿಯಾಗಿ ತಲೆಯಾಡಿಸಿದ. "ಬೆಳಿಗ್ಗೆ ಕ್ಷೌರದ ಅಂಗಡೀಲಿ ಹೇಳ್ದೆ, ಮಗಳು ದೊಡ್ಡ ಹೋಟೆಲಿಗೆ ಕರ್ಕೊಂಡು ಹೋಗ್ತಾಳೆ ಅಂತ. ಅವನು ನಂಬಲೇ ಇಲ್ಲ. ನಿಮ್ಮ ಮಗಳಿಗೆ ಪುರುಸೊತ್ತೆಲ್ಲಿ ಅಂದ. ಫೋಟೋ ತೋರಿಸ್ತೀನಿ ತಡಿ ಅಂದೆ."

ಹೋದ ವರ್ಷ ಅಪ್ಪನ ಹುಟ್ಟುಹಬ್ಬಕ್ಕೆ ಅವಳು ಬೇರೆ ಊರಿನಲ್ಲಿದ್ದಳು. ಅದರ ಹಿಂದಿನ ವರ್ಷ ಇದೇ ಊರಿನಲ್ಲಿದ್ದೂ ಮರೆತಿದ್ದಳು. ಅಪ್ಪ ಮಾತ್ರ ಪ್ರತಿ ಸಲವೂ, "ಕೆಲಸ ಅಂದ್ಮೇಲೆ ಹಾಗೇನೇ" ಎಂದು ಅವಳ ಪರವಾಗಿ ತಾನೇ ವಕಾಲತ್ತು ವಹಿಸುತ್ತಿದ್ದ.

ಬಡಿಸುವ ಹುಡುಗಿ ಎರಡು ತಟ್ಟೆ ಹಿಡಿದು ಬಂದಳು. ಬಿಳಿ ಗಟ್ಟಿ ಸಾರಿನಲ್ಲಿ ಮುಳುಗಿಸಿದ ಅಣಬೆ. ಒಂದರಲ್ಲಿ ಅರೆದ ಬಾದಾಮಿ, ಇನ್ನೊಂದರಲ್ಲಿ ಬರೀ ಕೆನೆ. ನೋಡುವುದಕ್ಕೆ ಎರಡೂ ತದ್ರೂಪು. ಅದು ಆ ಹೋಟೆಲಿನವರ ಹೆಮ್ಮೆ. ಪಥ್ಯದ ಊಟ ಉಣ್ಣುವವನಿಗೆ ತಾನು ಬೇರೆ ಅನ್ನಿಸಕೂಡದು. ಇನ್ನೊಂದು ಹೆಮ್ಮೆ, ಯಾರಿಗೆ ಯಾವುದು ಎಂದು ಅವರು ಮೇಜಿನ ಬಳಿ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಚೀಟಿಯಲ್ಲಿ ಕುರ್ಚಿ ಗುರುತು ಇರುತ್ತಿತ್ತು. ಕೈ ತಾನಾಗಿ ಆ ಕುರ್ಚಿಯ ಮುಂದೆ ತಟ್ಟೆ ಇಡುತ್ತಿತ್ತು. ಅಂದರೆ ತಟ್ಟೆ ಹುಡುಕಿಕೊಂಡು ಬರುತ್ತಿದ್ದದ್ದು ಮನುಷ್ಯನನ್ನಲ್ಲ, ಕುರ್ಚಿಯನ್ನು.

ಹುಡುಗಿ ಕಿಟಕಿ ಕಡೆ ಒಂದು, ಗೋಡೆ ಕಡೆ ಒಂದು ಇಟ್ಟು, ಬಾಗಿ, ಹೊರಟುಹೋದಳು.

"ಇಷ್ಟು ದೊಡ್ಡ ತಟ್ಟೆಗೆ ಇಷ್ಟೇನಾ?" ಅಪ್ಪ ಮೆಲ್ಲಗೆ ಕೇಳಿದ. "ತೊಳೆಯೋರಿಗೆ ಕಷ್ಟವೇ ಇಲ್ಲ ಬಿಡು."

ಅವನು ಚಮಚ ಎತ್ತಿಕೊಂಡ. ಪುಟ್ಟಿ ಕ್ಯಾಪ್ಟನ್ ಕಡೆ ನೋಡಿದಳು.

ಕ್ಯಾಪ್ಟನ್ ಆಗ ತಾನೇ ಈ ಕಡೆ ತಿರುಗಿದ. ಮೊದಲು ಮೇಜು ನೋಡಿದ. ಆಮೇಲೆ ಕಿಟಕಿ ಕಡೆ ಕೂತಿದ್ದ ಅಪ್ಪನನ್ನು ನೋಡಿದ. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

ಅಲ್ಲಿ ಯಾರೂ ಓಡಬಾರದು. ಓಡುವುದಿರಲಿ, ಜೋರಾಗಿ ನಡೆಯಲೂ ಬಾರದು. ಕ್ಯಾಪ್ಟನ್ ಓಡಿದ. ಒಂದು ಕುರ್ಚಿಗೆ ಡಿಕ್ಕಿ ಹೊಡೆದ, ಯಾರದೋ ನೀರಿನ ಲೋಟ ಉರುಳಿಸಿದ, ಬಂದವನೇ ಅಪ್ಪನ ಮಣಿಕಟ್ಟು ಹಿಡಿದು, ಬಾಯಿಯ ಹತ್ತಿರ ಹೋಗಿದ್ದ ಚಮಚವನ್ನು ಕಿತ್ತುಕೊಂಡ. ಸಾರು ಅಪ್ಪನ ಬಿಳಿ ಅಂಗಿಯ ಮೇಲೆ ಚೆಲ್ಲಿತು.

"ತಿನ್ನಬೇಡಿ ಸರ್. ನುಂಗಿದ್ರಾ? ನುಂಗಿಲ್ಲ ತಾನೇ?"

ಎಲ್ಲರ ಕಣ್ಣೂ ಅಪ್ಪನ ಮೇಲೆ.

"ಇಲ್ಲಪ್ಪ," ಎಂದ ಅಪ್ಪ. ಅವನ ಕೆನ್ನೆ ಕೆಂಪಾಗಿತ್ತು. "ಏನಾದ್ರೂ ತಪ್ಪು ಮಾಡಿದ್ನಾ? ಚಮಚ ಬೇರೆ ತಗೋಬೇಕಿತ್ತಾ?"

ಪುಟ್ಟಿಗೆ ಬೇಕಾದದ್ದು ಸಿಕ್ಕಿತ್ತು. ಕುರ್ಚಿ ಬದಲಾದರೆ ಏನಾಗುತ್ತದೆ ಎಂದು ಕ್ಯಾಪ್ಟನ್‌ಗೆ ಗೊತ್ತಿತ್ತು, ಆ ಭಯದಲ್ಲೇ ಅವನು ದಿನ ದೂಡುತ್ತಿದ್ದ. ಹೇಳಿಕೆಯಲ್ಲಿ ಹೇಳದ್ದನ್ನು ಅವನ ಕಾಲು ಹೇಳಿಬಿಟ್ಟಿತ್ತು. ಬೇರೆ ದಿನವಾಗಿದ್ದರೆ ಅವಳು ಒಳಗೊಳಗೇ ಹಿಗ್ಗುತ್ತಿದ್ದಳು. ಈಗ ಅಪ್ಪ ಕೈವಸ್ತ್ರವನ್ನು ನೀರಲ್ಲಿ ಅದ್ದಿ ಅಂಗಿಯ ಕಲೆ ಉಜ್ಜುತ್ತಿದ್ದ. ಉಜ್ಜಿದಷ್ಟೂ ಅದು ಹರಡುತ್ತಿತ್ತು. ಆ ಅಂಗಿಗೆ ಅವನು ಬೆಳಿಗ್ಗೆ ತಾನೇ ಇಸ್ತ್ರಿ ಹಾಕಿಕೊಂಡಿದ್ದ.

"ನಿಂದೇನೂ ತಪ್ಪಿಲ್ಲಪ್ಪ. ಎರಡು ನಿಮಿಷ ಕೂತಿರು. ಇವರ ಜೊತೆ ಮಾತಾಡಿ ಬರ್ತೀನಿ."

"ಬೈಬೇಡ ಕಣೇ ಪಾಪ. ಅವರೂ ಕೆಲಸ ಮಾಡೋರು."

ಅಡುಗೆಮನೆಯ ಪಕ್ಕದಲ್ಲಿ ಮೇಜುಬಟ್ಟೆ ಮಡಿಸಿಡುವ ಕಿರಿದಾದ ಕೋಣೆ. ಪುಟ್ಟಿ ಕ್ಯಾಪ್ಟನ್‌ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆಮಾಡಿದಳು. ಸೋಪು, ಬಿಸಿ ಇಸ್ತ್ರಿಯ ವಾಸನೆ.

"ನಮ್ಮ ತಂದೆಗೆ ಬಾದಾಮಿಯಿಂದ ಏನೂ ಆಗಲ್ಲ," ಎಂದಳು ಪುಟ್ಟಿ.

ಕ್ಯಾಪ್ಟನ್ ಅವಳನ್ನೇ ನೋಡಿದ.

"ನೀವು ಯಾರು ಮೇಡಂ?"

"ಮೇಷ್ಟ್ರ ಮಗಳು ಕಳಿಸಿದವಳು."

ಅವನು ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತ. "ಹೆತ್ತ ತಂದೇನ ಮುಂದಿಟ್ಟುಕೊಂಡು ಬಂದ್ರಾ?"

ಆ ಮಾತು ನಾಟಿತು. ಪುಟ್ಟಿ ಅದನ್ನು ನುಂಗಿಕೊಂಡಳು. "ನನ್ನ ಲೆಕ್ಕ ಆಮೇಲೆ ನೋಡೋಣ. ಆವತ್ತು ಕುರ್ಚಿ ಬದಲಾಯ್ತು. ನೀವು ನೋಡಿದ್ರಿ."

"ಇಲ್ಲ."

"ನೋಡದೇ ಇದ್ರೆ ಇವತ್ತು ಯಾಕೆ ಓಡಿ ಬಂದ್ರಿ?"

ಗೋಡೆಯ ಆಚೆ ತಟ್ಟೆಗಳ ಸದ್ದು.

"ಒಬ್ಬ ಅಡುಗೆಯವನು ಜೈಲಲ್ಲಿದ್ದಾನೆ," ಎಂದಳು ಪುಟ್ಟಿ. "ಅವನ ಹೆಂಡತಿ ದಿನಾ ಊಟದ ಡಬ್ಬಿ ತಗೊಂಡು ಹೋಗಿ ಜೈಲಿನ ಮುಂದೆ ನಿಂತಿರ್ತಾಳೆ. ನೀವು ಅವನ ಜೊತೆ ಎಷ್ಟು ವರ್ಷ ಕೆಲಸ ಮಾಡಿದ್ದೀರಿ?"

"ಅವನ ಮದುವೆಗೆ ನಾನೇ ಬಡಿಸಿದ್ದು," ಎಂದ ಕ್ಯಾಪ್ಟನ್. ಅವನ ಕಣ್ಣು ತುಂಬಿತು. "ರಾತ್ರಿ ನಿದ್ದೆ ಇಲ್ಲ ಮೇಡಂ. ಕಣ್ಣು ಮುಚ್ಚಿದ್ರೆ ಆ ಮೇಷ್ಟ್ರು. ಇಲ್ಲಾ, ಡಬ್ಬಿ ಹಿಡಿದ ಆ ಹೆಂಗಸು."

"ಹೇಳಿ ಹಗುರ ಮಾಡ್ಕೊಳ್ಳಿ."

ಅವನು ಮಡಿಸಿದ ಬಟ್ಟೆಯೊಂದನ್ನು ಎತ್ತಿಕೊಂಡ. ಬಿಚ್ಚಿದ, ಮತ್ತೆ ಮಡಿಸತೊಡಗಿದ.

"ಊಟ ಹೇಳುವಾಗ ಮೇಷ್ಟ್ರು ಗೋಡೆ ಕಡೇನೇ ಇದ್ರು. ಮಗಳು ಎದ್ದು ಹೋದ ಮೇಲೆ ಅಳಿಯ ಎದ್ದ. 'ಮಾವ, ಇಲ್ಲಿ ಬನ್ನಿ, ಆ ಮೂಲೇಲಿ ನುಡಿಸ್ತಿರೋ ಪಿಯಾನೋ ನಿಮ್ಮ ಕಣ್ಣಿಗೆ ನೇರ ಬೀಳುತ್ತೆ' ಅಂದ. ಕೈ ಹಿಡಿದು ಕರ್ಕೊಂಡು ಹೋಗಿ ಕೂರಿಸಿದ. ನೋಡಿ ನನಗೆ ಸಂತೋಷ ಆಯ್ತು. ಎಂಥಾ ಅಳಿಯ ಅಂದ್ಕೊಂಡೆ."

"ಜಾಗ ಬದಲಾದ್ರೆ ಒಳಗೆ ಹೇಳೋದು ನಿಮ್ಮ ಕೆಲಸ ಅಲ್ವಾ?"

"ಹೌದು. ಹೊರಟಿದ್ದೆ. ಅಷ್ಟರಲ್ಲಿ ಅವನು ನನ್ನ ಕಡೆ ನೋಡಿ ತಲೆ ಆಡಿಸಿದ."

"ಅಂದ್ರೆ?"

"ನಮ್ಮಲ್ಲಿ ಬಡಿಸೋರು ಮಾತಾಡಲ್ಲ ಮೇಡಂ. ಒಬ್ಬ ಒಳಗೆ ಹೇಳಿ ಬಂದಿದ್ರೆ ದೂರದಿಂದಲೇ ಹೀಗೆ ಒಂದು ಸಲ ತಲೆ ಆಡಿಸ್ತಾನೆ. ಹೇಳಿ ಆಯ್ತು, ನೀನು ಹೋಗಬೇಕಾಗಿಲ್ಲ ಅಂತ."

ಪುಟ್ಟಿ ಹುಬ್ಬು ಗಂಟಿಕ್ಕಿದಳು. "ಊಟಕ್ಕೆ ಬಂದ ಅಳಿಯನಿಗೆ ನಿಮ್ಮ ಸನ್ನೆ ಹೇಗೆ ಗೊತ್ತು?"

ಕ್ಯಾಪ್ಟನ್ ಬಟ್ಟೆ ಮಡಿಸುವುದನ್ನು ನಿಲ್ಲಿಸಿದ.

"ಅವನು ಇಲ್ಲೇ ಬಡಿಸ್ತಿದ್ದ. ಮದುವೆಗೆ ಎಷ್ಟೋ ವರ್ಷ ಮುಂಚೆ. ಕೈಹಿಡಿದು ಕಲಿಸಿದವನು ನಾನೇ. ಹೆಂಡತಿ ಮನೆಯವರಿಗೆ ಗೊತ್ತಿಲ್ಲ. ಆವತ್ತು ಬಾಗಿಲಲ್ಲೇ ನನ್ನ ಕಿವೀಲಿ ಹೇಳಿದ, ಗುರುತು ತೋರಿಸಬೇಡಿ ಅಂತ. ನಾನೂ ಸುಮ್ಮನಾದೆ. ಅವನ ತಲೆ ಆಡಿದ್ದು ನೋಡಿ ಹಳೇ ಅಭ್ಯಾಸದಲ್ಲಿ ಹಾಗೇ ನಿಂತುಬಿಟ್ಟೆ. ನಮ್ಮವನು ಒಳಗೆ ಹೇಳಿದ್ದಾನೆ ಅಂತ."

ಪುಟ್ಟಿಗೆ ಎಲ್ಲ ಒಂದೊಂದಾಗಿ ಕೂಡಿಕೊಂಡಿತು. ತಮ್ಮ ಸಂಗೀತ ಶಾಲೆಯನ್ನು ಅಳಿಯನ ಕೈಗೆ ಕೊಡುವುದಿಲ್ಲ ಎಂದು ಮೇಷ್ಟ್ರು ಆ ವಾರವೇ ಮನೆಯಲ್ಲಿ ಹೇಳಿದ್ದರು. ಮಗಳು ಅದನ್ನು ಮಾತಿನ ನಡುವೆ, ಏನೂ ಅಲ್ಲವೆಂಬಂತೆ ತಿಳಿಸಿದ್ದಳು.

"ಬೇಕಂತಲೇ ಮಾಡಿದ ಅಂತ ನಾನು ಹೇಳ್ತಿಲ್ಲ," ಎಂದ ಕ್ಯಾಪ್ಟನ್ ಗಾಬರಿಯಿಂದ. "ಸುಮ್ಮನೆ ಪರಿಚಯಕ್ಕೆ ತಲೆ ಆಡಿಸಿರಬಹುದು. ನನಗೇ ಗೊತ್ತಿಲ್ಲ. ಅದೇ ನನ್ನ ಕೊಲ್ತಿರೋದು."

"ಗೊತ್ತಿಲ್ಲದ್ದು ಹೇಳಬೇಡಿ. ನೋಡಿದ್ದು ಹೇಳಿ. ನಾಳೆ ಬೆಳಿಗ್ಗೆ ಕೋರ್ಟಲ್ಲಿ."

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ರಾಶಿಗೆ ಸೇರಿಸಿದ.

"ಬರ್ತೀನಿ. ಆದರೆ ಅಲ್ಲೀವರೆಗೆ ಅವನ ಕಿವಿಗೆ ಬೀಳಬಾರದು. ಅವನು ಬಂದು ನನ್ನ ಮುಂದೆ ಕೂತ ಅಂದ್ರೆ ನನ್ನ ಬಾಯಿ ಕಟ್ಟಿಹೋಗುತ್ತೆ. ನನಗೆ ಮಕ್ಕಳಿಲ್ಲ ಮೇಡಂ. ಅವನನ್ನ ಹಾಗೆ ನೋಡ್ಕೊಂಡಿದ್ದೆ."

"ಬೀಳಲ್ಲ. ನನ್ನ ಜವಾಬ್ದಾರಿ."

ಕ್ಯಾಪ್ಟನ್ ಮುಖ ಒರೆಸಿಕೊಂಡ. "ನಿಮ್ಮ ತಂದೆಗೆ ಬೇರೆ ತಟ್ಟೆ ತರ್ತೀನಿ. ಅವರ ಹತ್ರ ಕ್ಷಮೆ ಕೇಳ್ಬೇಕು."

ನಾನೂ ಕೇಳಬೇಕು ಎಂದುಕೊಂಡಳು ಪುಟ್ಟಿ. ಕೇಸು ಮುಗಿಯಲಿ, ಮುಂದಿನ ವಾರ ನಿಜವಾದ ದಿನ ಮತ್ತೆ ಕರೆದುಕೊಂಡು ಬರುತ್ತೇನೆ, ಫೋನು ಮನೆಯಲ್ಲೇ ಬಿಟ್ಟು ಬರುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟಳು. ಹಾಗೆ ಮಾತು ಕೊಡುವುದರಲ್ಲಿ ಅವಳದು ಪಳಗಿದ ಕೈ.

ಅವಳು ಊಟದ ಕೋಣೆಗೆ ಕಾಲಿಟ್ಟಳು. ಬೆನ್ನ ಹಿಂದೆ ಹೊಸ ತಟ್ಟೆ ಹಿಡಿದು ಕ್ಯಾಪ್ಟನ್.

ಗೋಡೆ ಕಡೆಯ ಕುರ್ಚಿ, ಅವಳು ಬಿಟ್ಟು ಹೋಗಿದ್ದ ಕುರ್ಚಿ, ಖಾಲಿ ಇರಲಿಲ್ಲ.

ಬೂದು ಬಣ್ಣದ ಕೋಟು ತೊಟ್ಟವನೊಬ್ಬ ಅಪ್ಪನ ಕಡೆ ಬಾಗಿ ಕೂತಿದ್ದ. ಮೇಷ್ಟ್ರ ಮಗಳ ಮನೆಯ ಗೋಡೆಯ ಮೇಲಿನ ಫೋಟೋದಲ್ಲಿ ಪುಟ್ಟಿ ಆ ಮುಖವನ್ನು ನೋಡಿದ್ದಳು. ಅಳಿಯ.

"ಬನ್ನಿ ಬನ್ನಿ," ಎಂದು ಅವನು ಎದ್ದುನಿಂತ. "ನನ್ನ ಹೆಂಡತಿ ಇವತ್ತು ಸಂಜೆ ಎಲ್ಲಾ ಹೇಳಿಬಿಟ್ಟಳು. ನಿಮ್ಮ ಹತ್ರ ಬಂದಿದ್ದು, ನೀವು ಇಲ್ಲಿಗೆ ಬರೋದು. ಅವಳ ಹೊಟ್ಟೇಲಿ ಏನೂ ನಿಲ್ಲಲ್ಲ, ಪಾಪ. ನಾನು ಹೊರಗೆ ಹೋಗ್ತಿದ್ದೆ, ಒಂದು ಮಾತಾಡಿಸೋಣ ಅಂತ ಬಂದೆ. ನೀವಿರಲಿಲ್ಲ. ನಿಮ್ಮ ತಂದೆ ಒಳ್ಳೆ ಮಾತುಗಾರರು."

ಅಪ್ಪ ಮಾತಾಡುತ್ತಿರಲಿಲ್ಲ. ಕಲೆಯಾದ ಜಾಗದ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಆ ಮುಖವನ್ನು ಪುಟ್ಟಿ ಯಾವತ್ತೂ ನೋಡಿರಲಿಲ್ಲ.

"ಪುಟ್ಟಿ," ಎಂದ. "ಇವರು ಹೇಳ್ತಾರೆ, ನನಗೆ ಬಾದಾಮಿ ಆಗಲ್ಲ ಅಂತ ನೀನು ಹೋಟೆಲಿಗೆ ಹೇಳಿದ್ಯಂತೆ. ಆ ಸತ್ತುಹೋದ ಮೇಷ್ಟ್ರು ಕೂತಿದ್ದ ಜಾಗದಲ್ಲಿ ನನ್ನ ಕೂರಿಸಿದ್ಯಂತೆ. ಹುಟ್ಟುಹಬ್ಬಕ್ಕಲ್ಲ, ಕೆಲಸಕ್ಕೆ ಕರ್ಕೊಂಡು ಬಂದಿರೋದಂತೆ."

ಅಳಿಯ ನಗುತ್ತಲೇ ಇದ್ದ. "ನನ್ನ ಊಹೆ ಅಷ್ಟೇ ಅಂಕಲ್. ತಪ್ಪಿರಬಹುದು."

"ನನಗೆ ಬೇಜಾರಿಲ್ಲ," ಎಂದ ಅಪ್ಪ. "ಆದರೆ ನಿನ್ನ ಬಾಯಿಂದ ಕೇಳ್ಬೇಕು. ನೀನು ಏನು ಹೇಳ್ತೀಯೋ ಅದನ್ನ ನಂಬ್ತೀನಿ."

ಬೆನ್ನ ಹಿಂದೆ ಕ್ಯಾಪ್ಟನ್‌ನ ಉಸಿರು ಪುಟ್ಟಿಗೆ ಕೇಳುತ್ತಿತ್ತು. ಹೌದು ಎಂದರೆ ತಾನಿಲ್ಲಿಗೆ ಕೇಸಿಗಾಗಿ ಬಂದದ್ದು, ಒಳಗೆ ಹೋಗಿ ಕ್ಯಾಪ್ಟನ್ ಜೊತೆ ಮಾತಾಡಿದ್ದು ಎಲ್ಲ ಈ ನಗುವವನಿಗೆ ಖಾತ್ರಿಯಾಗುತ್ತದೆ. ಬೆಳಗಾಗುವುದರೊಳಗೆ ಸಾಕ್ಷಿ ಕೈಬಿಟ್ಟು ಹೋಗುತ್ತದೆ, ಅಡುಗೆಯವನು ಕಂಬಿಯ ಹಿಂದೆಯೇ ಉಳಿಯುತ್ತಾನೆ. ಇಲ್ಲ ಎನ್ನಬೇಕಾದರೆ ಅಪ್ಪನ ಆ ಕಣ್ಣುಗಳನ್ನು ನೋಡಿಕೊಂಡು ಎನ್ನಬೇಕು.

"ನಿನ್ನ ಹುಟ್ಟುಹಬ್ಬಕ್ಕೇ ಅಪ್ಪಾ," ಎಂದಳು. "ಬೇರೆ ಯಾತಕ್ಕೂ ಅಲ್ಲ. ಬಾದಾಮಿ ವಿಷಯ ಹೋಟೆಲಿನವರದೇ ಏನೋ ತಪ್ಪು."

ಅಪ್ಪನ ಮುಖ ಅರಳಿತು. ಒಂದು ಗಳಿಗೆಯೂ ತಡಮಾಡದೆ, ಒಂದಿಷ್ಟೂ ಅನುಮಾನಪಡದೆ ಅರಳಿತು. ಪುಟ್ಟಿಗೆ ಅಲ್ಲೇ ನೆಲಕ್ಕಿಳಿದುಹೋಗುವಂತಾಯಿತು.

"ನೋಡಿ, ನಾನು ಹೇಳಿದ್ನಲ್ಲ," ಎಂದ ಅಪ್ಪ ಅಳಿಯನ ಕಡೆ ತಿರುಗಿ. ಮಗಳ ಮೇಲೆ ಸುಳ್ಳು ಹೊರಿಸಿದವನನ್ನು ಅವನು ಆಗಲೇ ಕ್ಷಮಿಸಿಬಿಟ್ಟಿದ್ದ. "ನನ್ನ ಮಗಳು ಹಾಗೆ ಮಾಡೋಳಲ್ಲ. ನೀವೂ ಪಾಪ ನೊಂದವರು, ಏನೇನೋ ಅನ್ನಿಸುತ್ತೆ. ಇನ್ನೂ ಊಟ ಆಗಿಲ್ಲ ಅಂದ್ರಿ ತಾನೇ? ನಮ್ಮ ಜೊತೇನೇ ಉಣ್ಣಿ. ಕುರ್ಚಿ ಹೇಗೂ ಮೂರಿದೆ. ಪುಟ್ಟಿ, ಹೇಳೇ ಇವರಿಗೆ."

ಬೇಡ ಎನ್ನಲು ಪುಟ್ಟಿಯ ಹತ್ತಿರ ಈಗ ಒಂದೇ ಒಂದು ಕಾರಣವೂ ಇರಲಿಲ್ಲ. ಇದ್ದ ಕಾರಣವನ್ನು ತಾನೇ ಆಗಷ್ಟೆ ಅಲ್ಲಗಳೆದಿದ್ದಳು.

"ಹಿರಿಯರ ಮಾತು ಮೀರಬಾರದು," ಎಂದು ಅಳಿಯ ಮತ್ತೆ ಕೂತ. ಆಮೇಲೆ ಅವಳ ಹೆಗಲಿನಾಚೆ ನೋಡಿ, ಸುತ್ತಲಿನವರಿಗೂ ಕೇಳುವಂತೆ, ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದ. "ಗುರುಗಳೇ, ಚೆನ್ನಾಗಿದ್ದೀರಾ? ನಿಮ್ಮ ಕೈಯಿಂದ ಉಂಡು ಎಷ್ಟು ದಿನ ಆಯ್ತು. ಇವತ್ತು ನೀವೇ ಬಡಿಸಬೇಕು."

ಕ್ಯಾಪ್ಟನ್ ಮುಂದೆ ಬಂದ. ಹೊಸ ತಟ್ಟೆಯನ್ನು ಅಪ್ಪನ ಮುಂದೆ ಇಟ್ಟ. ಅಳಿಯನ ಮಡಿಲ ಮೇಲೆ ಕೈವಸ್ತ್ರ ಹಾಸಿದ. ಅಳಿಯ ಅವನ ಮುಂಗೈಯನ್ನು ಮೆಲ್ಲಗೆ ತಟ್ಟಿದಾಗ ಅವನು ತಲೆ ಎತ್ತಲಿಲ್ಲ.

ಆಮೇಲೆ ಪುಟ್ಟಿಗಾಗಿ ಮೂರನೆಯ ಕುರ್ಚಿಯನ್ನು ಹಿಂದಕ್ಕೆ ಎಳೆದ. ಅವಳು ಕೂರುವಾಗ ಅವನ ಬಾಯಿ ಅವಳ ಕಿವಿಯ ಹತ್ತಿರ ಬಂತು.

"ಕ್ಷಮಿಸಿ ಮೇಡಂ. ನಾಳೆ ನಾನು ಬರೋದಿಲ್ಲ."